ಸ್ಟೆಂಟ್ ಯಾರಿಗೆ, ಯಾವಾಗ?

ಬೆಳಗ್ಗೆ ಯಡಿಯೂರು ಕೆರೆಯ ಸುತ್ತ ನಡೆಯುವವರಲ್ಲಿ ಐವತ್ತು ದಾಟಿದವರ ಮಾತಿಗೆ ಕಿವಿಗೊಟ್ಟರೆ ಒಂದೆರಡು ಸುತ್ತಿನೊಳಗೆ ಹೃದಯದ ವಿಷಯ ಬಂದೇ ಬರುತ್ತದೆ. ಯಾರಿಗೆ ಎಷ್ಟು ಬ್ಲಾಕ್ ಇತ್ತು, ಯಾವ ಆಸ್ಪತ್ರೆಯಲ್ಲಿ ಆಂಜಿಯೋ ಆಯಿತು, ಒಂದು ಸ್ಟೆಂಟ್ ಹಾಕಿದರೋ ಎರಡೋ, ಪಂಪಿಂಗ್ ಎಷ್ಟಿದೆ. ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಇಲ್ಲಿಂದ ದೂರವಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಮಾರ್ಗ ಶುರುವಾದ ಮೇಲಂತೂ ಆರ್‌ವಿ ರಸ್ತೆ ನಿಲ್ದಾಣ ಬಿಟ್ಟರೆ ರಾಗಿಗುಡ್ಡ, ಅದರ ಮುಂದಿನದೇ ಜಯದೇವ ಆಸ್ಪತ್ರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿ ಬನ್ನೇರುಘಟ್ಟ ರಸ್ತೆಯಲ್ಲಿ ಬೆಳೆದ ಆ ಸಂಸ್ಥೆಯಿಂದಾಗಿ, ಬೇರೆ ಊರುಗಳಲ್ಲಿ ವೈದ್ಯರಷ್ಟೇ ಆಡುವ ಪದಗಳು ದಕ್ಷಿಣ ಬೆಂಗಳೂರಿನಲ್ಲಿ ಮನೆಮಾತಾಗಿವೆ.

ಪದಗಳು ಗೊತ್ತು. ಆದರೆ ಒಂದು ನಂಬಿಕೆಯನ್ನು ಯಾರೂ ಪರೀಕ್ಷಿಸುವುದಿಲ್ಲ: ಬ್ಲಾಕ್ ಇದ್ದರೆ ತೆರೆಯಬೇಕು, ತೆರೆದರೆ ಹೃದಯಕ್ಕೆ ರಕ್ತ ಹೋಗುತ್ತದೆ, ರಕ್ತ ಹೋದರೆ ಆಯುಷ್ಯ ಹೆಚ್ಚುತ್ತದೆ. ಈ ಮೂರು ಹೆಜ್ಜೆಗಳಲ್ಲಿ ಪ್ರತಿಯೊಂದೂ ಕೆಲವರ ಪಾಲಿಗೆ ನಿಜ, ಕೆಲವರ ಪಾಲಿಗೆ ಅಲ್ಲ. ರಕ್ತ ಸಾಲದ ಹೃದಯ ಸ್ನಾಯುವಿಗೆ ರಕ್ತ ಒದಗಿಸಲು ದೇಹದೊಳಗೆ ಇಡುವ ಸಾಧನಗಳ ಇತಿಹಾಸವನ್ನೂ ಅವುಗಳ ಮೇಲೆ ನಡೆದ ಪ್ರಯೋಗಗಳನ್ನೂ ಒಟ್ಟಿಗೆ ನೋಡಿದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ತಿಳಿಯದೆ ಜನ ಎರಡು ಕಡೆಯಿಂದಲೂ ನಷ್ಟ ಅನುಭವಿಸುತ್ತಿದ್ದಾರೆ. ಕೂಡಲೇ ಸ್ಟೆಂಟ್ ಬೇಕಾದವರು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲಿ ಕೂರುತ್ತಾರೆ. ಕಾದು ನೋಡಬಹುದಾದವರು ಹೆದರಿ ಅದೇ ದಿನ ಮೇಜಿನ ಮೇಲೆ ಮಲಗುತ್ತಾರೆ.

ಹೃದಯದ ಕೋಣೆಗಳು ಸದಾ ರಕ್ತದಿಂದ ತುಂಬಿದ್ದರೂ ಅದರ ಗೋಡೆಯ ಸ್ನಾಯುವಿಗೆ ಆ ರಕ್ತ ನೇರವಾಗಿ ದಕ್ಕುವುದಿಲ್ಲ. ಮಹಾಪಧಮನಿಯ ಬುಡದಲ್ಲಿ ಹುಟ್ಟುವ ಕೊರೊನರಿ ರಕ್ತನಾಳಗಳು ಹೊರಗಿನಿಂದ ಸುತ್ತುವರಿದು ಅದಕ್ಕೆ ರಕ್ತ ಕೊಡುತ್ತವೆ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯಕ್ಕೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ರಕ್ತ ಸಾಕು. ಎಡಭಾಗದ ಸ್ನಾಯುವಿಗೆ ಅದರ ಬಹುಪಾಲು ಸಿಗುವುದು ಹೃದಯ ಸಡಿಲಗೊಂಡಾಗ. ಬಿಗಿದಾಗ ಸ್ನಾಯುವೇ ತನ್ನೊಳಗಿನ ನಾಳಗಳನ್ನು ಹಿಸುಕಿಬಿಡುತ್ತದೆ. ಇನ್ನೊಂದು ವಿಶೇಷವೆಂದರೆ, ಸುಮ್ಮನೆ ಕುಳಿತಿರುವಾಗಲೂ ಹೃದಯವು ತನಗೆ ಬಂದ ರಕ್ತದಿಂದ ಮುಕ್ಕಾಲು ಪಾಲಿನಷ್ಟು ಆಮ್ಲಜನಕವನ್ನು ಹೀರಿಕೊಂಡಿರುತ್ತದೆ. ಮೆಟ್ಟಿಲು ಹತ್ತುವಾಗ ಹೆಚ್ಚು ಬೇಕಾದರೆ ಹೆಚ್ಚು ರಕ್ತವೇ ಬರಬೇಕು, ಬೇರೆ ದಾರಿಯಿಲ್ಲ. ನಾಳದ ವ್ಯಾಸ ಶೇ 70ರಷ್ಟು ಕಿರಿದಾದವರಿಗೆ ಕುಳಿತಾಗ ಏನೂ ಅನ್ನಿಸದೆ, ಏರು ಹತ್ತಿದಾಗ ಎದೆ ಹಿಡಿದಂತಾಗುವುದು ಇದರಿಂದ.

ಈ ಕೊರತೆಯನ್ನು ತುಂಬಲು ಮೊದಲು ಹೊರಟವರು ಶಸ್ತ್ರಚಿಕಿತ್ಸಕರು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಲಾಡ್ ಬೆಕ್ 1935ರಲ್ಲಿ ಎದೆಯ ಮಾಂಸಖಂಡವನ್ನು ಹೃದಯದ ಮೇಲೆ ಹೊಲಿದು, ಅಲ್ಲಿಂದ ಹೊಸ ನಾಳಗಳು ಬೆಳೆಯಲೆಂದು ಕಾದರು. ಹೃದಯದಿಂದ ಕೊಳೆರಕ್ತ ಹೊರಹೋಗುವ ದೊಡ್ಡ ಅಭಿಧಮನಿಯಾದ ಕೊರೊನರಿ ಸೈನಸ್ಸನ್ನು ಕಿರಿದಾಗಿಸಿಯೂ ನೋಡಿದರು. ಕೆನಡಾದ ಮಾಂಟ್ರಿಯಲ್‌ನಲ್ಲಿ ಆರ್ಥರ್ ವೈನ್‌ಬರ್ಗ್ 1950ರಲ್ಲಿ ಎದೆಗೂಡಿನ ಒಳಗಿನ ಒಂದು ಅಪಧಮನಿಯ ತುದಿಯನ್ನು ಹೃದಯದ ಗೋಡೆಯಲ್ಲಿ ಸುರಂಗ ಕೊರೆದು ನೆಟ್ಟರು. ಸ್ನಾಯುವಿನೊಳಗೆ ರಕ್ತದ ಆಕರವನ್ನೇ ನಾಟಿ ಮಾಡುವ ಈ ಯೋಚನೆ ಆಗ ಹಲವರಿಗೆ ಹುಚ್ಚೆನಿಸಿತು. ಮುಂದೆ ಮೇಸನ್ ಸೋನ್ಸ್ ಎಂಬ ವೈದ್ಯರು ಹೃದಯದ ನಾಳಗಳ ಚಿತ್ರ ತೆಗೆಯುವ ಕೊರೊನರಿ ಆಂಜಿಯೋಗ್ರಫಿಯನ್ನು ಬಳಕೆಗೆ ತಂದಾಗ, ವೈನ್‌ಬರ್ಗ್ ನೆಟ್ಟ ನಾಳಗಳಲ್ಲಿ ಕೆಲವು ನಿಜಕ್ಕೂ ಕವಲೊಡೆದು ರಕ್ತ ಹರಿಸುತ್ತಿದ್ದದ್ದು ಚಿತ್ರದಲ್ಲೇ ಕಂಡಿತು.

ಅದೇ ಕಾಲದ ಇನ್ನೊಂದು ಪ್ರಯೋಗವನ್ನು ಇಲ್ಲಿ ನೆನೆಯಲೇಬೇಕು. ಎದೆಯೊಳಗಿನ ಅಪಧಮನಿಯನ್ನು ಕಟ್ಟಿಬಿಟ್ಟರೆ ಆ ರಕ್ತ ಹೃದಯದತ್ತ ತಿರುಗುತ್ತದೆಂದು ನಂಬಿ 1950ರ ದಶಕದಲ್ಲಿ ಒಂದು ಸರಳ ಶಸ್ತ್ರಚಿಕಿತ್ಸೆ ಬಹಳ ಜನಪ್ರಿಯವಾಗಿತ್ತು. ಎದೆನೋವು ಕಡಿಮೆಯಾಯಿತೆಂದು ರೋಗಿಗಳೂ ಹೇಳುತ್ತಿದ್ದರು. 1959ರಲ್ಲಿ ಸಿಯಾಟಲ್‌ನ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು, ಉಳಿದವರಿಗೆ ನಾಳ ಕಟ್ಟಿದರು. ಎರಡೂ ಗುಂಪಿನವರಿಗೆ ಒಂದೇ ರೀತಿ ಆರಾಮವೆನಿಸಿತು. ಆ ಶಸ್ತ್ರಚಿಕಿತ್ಸೆ ಅಲ್ಲಿಗೆ ಮುಗಿಯಿತು. ಎದೆನೋವಿನ ಚಿಕಿತ್ಸೆಯನ್ನು ರೋಗಿಯ ಅನಿಸಿಕೆಯಿಂದಷ್ಟೇ ಅಳೆಯಬಾರದೆಂಬ ಎಚ್ಚರಿಕೆ ಅಂದೇ ಸಿಕ್ಕಿತ್ತು. ಆಮೇಲಿನ ಸುಮಾರು ಆರು ದಶಕ ಅದನ್ನು ಬಹುಮಟ್ಟಿಗೆ ಮರೆತದ್ದು ಈ ಕ್ಷೇತ್ರದ ದೊಡ್ಡ ಲೋಪವೆಂದೇ ನನಗನ್ನಿಸುತ್ತದೆ.

1967ರಲ್ಲಿ ರೆನೆ ಫವಲೊರೊ ಕಾಲಿನ ಅಭಿಧಮನಿಯನ್ನು ಬಳಸಿ ಬೈಪಾಸ್‌ಗೆ ದಾರಿ ಹಾಕಿಕೊಟ್ಟರು. 1977ರ ಸೆಪ್ಟೆಂಬರ್ 16ರಂದು ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಚ್ಚರದಲ್ಲೇ ಇದ್ದ 38 ವರ್ಷದ ರೋಗಿಯ ಕೊರೊನರಿ ನಾಳಕ್ಕೆ ಪುಟ್ಟ ಬಲೂನ್ ತೂರಿಸಿ ಉಬ್ಬಿಸಿದರು. ಎದೆ ಸೀಳದೆ ಬ್ಲಾಕ್ ತೆರೆಯಿತು. ಆದರೆ ಬಲೂನ್ ತೆಗೆದ ಮೇಲೆ ನಾಳ ಕೆಲವೊಮ್ಮೆ ಅಲ್ಲೇ ಕುಸಿಯುತ್ತಿತ್ತು, ಕುಸಿಯದಿದ್ದರೂ ಮೂರರಲ್ಲಿ ಒಬ್ಬರಿಗೆ ತಿಂಗಳುಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಅದಕ್ಕಾಗಿ ಒಳಗೇ ಬಿಟ್ಟುಬರುವ ಲೋಹದ ಜಾಲರಿ ಬಂತು. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪ್ಯುಯೆಲ್, ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಮೊದಲ ಸ್ಟೆಂಟ್‌ಗಳನ್ನು ಇಟ್ಟರು. ಇಂದು ಬಳಕೆಯಲ್ಲಿರುವವು ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದವು. ಎರಡೂಕಾಲಿನಿಂದ ನಾಲ್ಕು ಮಿಲಿಮೀಟರ್ ಅಗಲ, ಎಳೆಗಳು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ತೆಳು.

ಲೋಹದ ಜಾಲರಿಯೊಳಗೂ ಗಾಯ ಮಾಯುವಂತೆ ಮಾಂಸ ಬೆಳೆದು ನಾಳ ಮತ್ತೆ ಕಿರಿದಾಗುತ್ತಿತ್ತು. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಸಿರೋಲಿಮಸ್ ಎಂಬ ಔಷಧವನ್ನು ಜಾಲರಿಗೆ ಲೇಪಿಸುವ ಯೋಚನೆ ಫಲ ಕೊಟ್ಟಿತು. 1999ರ ಡಿಸೆಂಬರಿನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಎಡ್ವಾರ್ಡೊ ಸೋಸಾ ಅಂಥ ಮೊದಲ ಸ್ಟೆಂಟ್ ಇಟ್ಟರು. 2002ರಲ್ಲಿ ಪ್ರಕಟವಾದ 238 ರೋಗಿಗಳ ಪ್ರಯೋಗದಲ್ಲಿ ಔಷಧ ಲೇಪಿತ ಗುಂಪಿನ ಒಬ್ಬರಿಗೂ ನಾಳ ಮತ್ತೆ ಕಟ್ಟಿಕೊಂಡಿರಲಿಲ್ಲ. ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. 2006ರ ಹೊತ್ತಿಗೆ, ಮಾಂಸ ಬೆಳೆಯದಂತೆ ತಡೆಯುವ ಔಷಧವೇ ಲೋಹದ ಮೇಲೆ ಒಳಪೊರೆ ಮುಚ್ಚುವುದನ್ನೂ ತಡಮಾಡುತ್ತದೆ, ಹಾಗಾಗಿ ವರ್ಷ ಕಳೆದ ಮೇಲೂ ಒಳಗೆ ರಕ್ತ ಹೆಪ್ಪುಗಟ್ಟಬಹುದು ಎಂಬ ಆತಂಕ ಹರಡಿತು. ಎಳೆಗಳನ್ನು ತೆಳುಗೊಳಿಸಿ, ಲೇಪನ ಬದಲಿಸಿ ಆ ಅಪಾಯವನ್ನು ಬಹಳಷ್ಟು ತಗ್ಗಿಸಲಾಗಿದೆ. ಕೆಲಸ ಮುಗಿದ ಮೇಲೆ ಕರಗಿಹೋಗುವ ಸ್ಟೆಂಟ್ ಇನ್ನೊಂದು ಆಸೆ ಹುಟ್ಟಿಸಿತ್ತು. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ಅಬ್ಸಾರ್ಬ್ ಎಂಬುದನ್ನು ಹೆಪ್ಪುಗಟ್ಟುವ ಪ್ರಮಾಣ ಹೆಚ್ಚಿದ್ದರಿಂದ 2017ರಲ್ಲೇ ಮಾರಾಟದಿಂದ ತೆಗೆದರು. ನಮ್ಮಲ್ಲೂ ಅದನ್ನು ದುಬಾರಿ ಬೆಲೆಗೆ ಅತ್ಯಾಧುನಿಕವೆಂದು ಮಾರಲಾಗುತ್ತಿತ್ತು.

ಬೆಲೆಯ ಕಥೆಯನ್ನು ಪ್ರತಿ ಮಧ್ಯಮ ವರ್ಗದ ಕುಟುಂಬವೂ ತಿಳಿದಿರಬೇಕು. ಔಷಧ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷ ರೂಪಾಯಿ ದಾಟಿಸಿ ವಸೂಲು ಮಾಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಇದನ್ನು ಪ್ರಶ್ನಿಸಿ ವಕೀಲ ಬೀರೇಂದರ್ ಸಂಗ್ವಾನ್ ದೆಹಲಿ ಹೈಕೋರ್ಟಿಗೆ ಹೋದರು. 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ ಎಂದು ಮಿತಿ ಹಾಕಿತು. ತಯಾರಕರಿಂದ ರೋಗಿಯವರೆಗಿನ ಸರಪಳಿಯಲ್ಲಿ ಅತಿ ದೊಡ್ಡ ಲಾಭಾಂಶ ಆಸ್ಪತ್ರೆಗಳ ಹಂತದಲ್ಲಿತ್ತೆಂದು ಪ್ರಾಧಿಕಾರವೇ ಬಯಲು ಮಾಡಿತು. ಬೆಲೆ ಸೂಚ್ಯಂಕದ ಜೊತೆ ಏರುತ್ತ ಬಂದು ಔಷಧ ಲೇಪಿತ ಸ್ಟೆಂಟಿನ ಮಿತಿ ಈಚೆಗೆ 38 ಸಾವಿರದ ಆಸುಪಾಸಿನಲ್ಲಿದೆ. ಮಿತಿ ಹಾಕಿದರೆ ಒಳ್ಳೆಯ ಸ್ಟೆಂಟ್ ಸಿಗದು ಎಂಬ ಬೆದರಿಕೆಗೂ ಉತ್ತರ ಸಿಕ್ಕಿದೆ: ಸೂರತ್‌ನಲ್ಲಿ ತಯಾರಾದ ಸುಪ್ರಾಫ್ಲೆಕ್ಸ್ ಸ್ಟೆಂಟನ್ನು ಯೂರೋಪಿನ 1,435 ರೋಗಿಗಳಲ್ಲಿ ಜಗತ್ತಿನ ಅಗ್ರ ಸ್ಟೆಂಟ್ ಒಂದರೊಡನೆ ಹೋಲಿಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು, ಅದು ಕಡಿಮೆಯೇನಲ್ಲ ಎಂದು ಸಾಬೀತಾಯಿತು.

ಬಡವರ ವಿಷಯದಲ್ಲಿ ಕರ್ನಾಟಕ ಸುಮ್ಮನೆ ಕೂತಿರಲಿಲ್ಲ. ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಯಶಸ್ವಿನಿ, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, ಈಗ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ, ಹೀಗೆ ಸರ್ಕಾರಿ ಆರೋಗ್ಯ ವಿಮೆಯ ಯೋಜನೆಗಳು ಬಂದವು. ಆರೋಗ್ಯಶ್ರೀ ಜಾರಿಯಾದ ಮತ್ತು ಇನ್ನೂ ಆಗದಿದ್ದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾಗುವ ಸಾವು ಶೇ 64ರಷ್ಟು ಕಡಿಮೆಯಿತ್ತೆಂದು ತೋರಿಸಿತು. ಜಯದೇವದಲ್ಲಿ ಡಾ. ಸಿ. ಎನ್. ಮಂಜುನಾಥ್ 2024ರ ಜನವರಿಯವರೆಗೂ ನಿರ್ದೇಶಕರಾಗಿದ್ದು, ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬ ಪದ್ಧತಿಯನ್ನು ನಡೆಸಿ ತೋರಿಸಿದರು. ಒಂದು ಸರ್ಕಾರಿ ಸಂಸ್ಥೆ ಹೀಗೆ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಅನುಕೂಲವಾದ ಮೇಲೆ ಮೊದಲಿನ ಪ್ರಶ್ನೆ ಇನ್ನೂ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಸ್ಟೆಂಟ್ ಜೀವ ಉಳಿಸುತ್ತದೆಯೇ?

ಹೃದಯಾಘಾತದಲ್ಲಿ, ಹೌದು. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ನಾಳದೊಳಗಿನ ಕೊಬ್ಬಿನ ಪದರ ಬಿರಿದು, ಅಲ್ಲೇ ರಕ್ತ ಹೆಪ್ಪುಗಟ್ಟಿ ಹರಿವು ಪೂರ್ತಿ ನಿಂತಾಗ ಆ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ನಾಳ ತೆರೆದರೆ ಬಹುಭಾಗ ಉಳಿಯುತ್ತದೆ. ಹನ್ನೆರಡು ಗಂಟೆ ಕಳೆದು ತೆರೆದರೆ ಪೈರು ಒಣಗಿದ ಮೇಲೆ ಕೆರೆಯ ತೂಬು ಎತ್ತಿದ ಹಾಗೆ. ಆಸ್ಪತ್ರೆ ಬಾಗಿಲಿಗೆ ಬಂದ 90 ನಿಮಿಷದೊಳಗೆ ಬಲೂನ್ ಉಬ್ಬಿಸಬೇಕೆಂಬುದು ಜಗತ್ತೆಲ್ಲ ಒಪ್ಪಿದ ಗುರಿ. ಯಡಿಯೂರಿನವರಿಗೆ ಅದು ಸಾಧ್ಯ, ಸಕಾಲಕ್ಕೆ ಹೊರಟರೆ. ಎದೆಯಲ್ಲಿ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದಾಗ ಹತ್ತಿರವಿದೆಯೆಂದು ಮೆಟ್ರೊ ಹತ್ತಬೇಡಿ, ಸ್ಕೂಟರ್ ಓಡಿಸಬೇಡಿ. 108ಕ್ಕೆ ಕರೆ ಮಾಡಿ. ಜೀರಿಗೆ ಕಷಾಯ ಕುಡಿದು ಬೆಳಗಾಗಲೆಂದು ಕಾಯುವವರನ್ನು ಈ ಬಡಾವಣೆಗಳಲ್ಲೂ ಕಾಣುತ್ತೇವೆ. ಮಧುಮೇಹ ಇರುವವರಿಗೂ ಹೆಂಗಸರಿಗೂ ನೋವು ಅಷ್ಟು ಸ್ಪಷ್ಟವಾಗಿ ಕಾಣಿಸಿಕೊಳ್ಳದೆ ಬರಿಯ ಸುಸ್ತು, ಉಬ್ಬಸ, ಹೊಟ್ಟೆ ತೊಳಸುವಿಕೆಯಾಗಿ ಬರಬಹುದು.

ಪಾವಗಡದಲ್ಲೋ ಆಲೂರಿನಲ್ಲೋ ಇರುವವರಿಗೆ 90 ನಿಮಿಷದ ಮಾತು ಅನ್ವಯಿಸುವುದಿಲ್ಲ. ಅಂಥ ಊರುಗಳಿಗೆ ಮೊದಲು ಬೇಕಾದದ್ದು ಇಸಿಜಿ, ಅದನ್ನು ಓದಬಲ್ಲವರು, ಮತ್ತು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2024ರಲ್ಲಿ ವಿಸ್ತರಿಸಿದ ಹೃದಯ ಜ್ಯೋತಿ ಯೋಜನೆ ಇದನ್ನೇ ಮಾಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಿಂದಲೇ ಓದಿ, ಹೃದಯಾಘಾತವೆಂದು ಖಚಿತವಾದರೆ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಟ್ಟು, ಬಳಿಕ ಆಂಜಿಯೋಪ್ಲಾಸ್ಟಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಆಂಜಿಯೋ, ಸ್ಟೆಂಟ್ ಕೆಲಸ ನಡೆಯುವ ಹೊಸ ಹೊಸ ಕ್ಯಾತ್‌ಲ್ಯಾಬ್‌ಗಳಿಗಿಂತ ಹೆಚ್ಚು ಜೀವ ಉಳಿಸಬಲ್ಲ ವ್ಯವಸ್ಥೆ ಇದು.

2025ರ ಬೇಸಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ನಾಡಿನಲ್ಲೆಲ್ಲ ಭೀತಿ ಹಬ್ಬಿಸಿದಾಗ ಜಯದೇವದ ಬೆಂಗಳೂರು, ಮೈಸೂರು ಆಸ್ಪತ್ರೆಗಳ ಮುಂದೆ ಏನೂ ತೊಂದರೆಯಿಲ್ಲದವರೂ ಸಾಲು ನಿಂತರು. ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆ ಕಾಣುವುದಿಲ್ಲವೆಂದು ವರದಿ ಕೊಟ್ಟಿತು. ಆ ಸಾಲಿನಲ್ಲಿದ್ದ ಆತಂಕ ಅರ್ಥವಾಗುವಂಥದ್ದೇ. ಆದರೆ ಲಕ್ಷಣವಿಲ್ಲದವರಿಗೆ ಆಂಜಿಯೋ ಮಾಡಿ ಸಿಕ್ಕ ಬ್ಲಾಕಿಗೆ ಸ್ಟೆಂಟ್ ಹಾಕಿದರೆ ಅಂಥ ಸಾವು ತಪ್ಪುತ್ತದೆ ಎಂಬುದಕ್ಕೆ ಆಧಾರ ಕಾಣೆ. ಹೃದಯಾಘಾತ ತರುವ ಪದರ ಎಷ್ಟೋ ಬಾರಿ ನಾಳವನ್ನು ಅರ್ಧಕ್ಕಿಂತ ಕಡಿಮೆ ಅಡ್ಡಗಟ್ಟಿದ್ದು, ಒಮ್ಮೆಲೇ ಬಿರಿದದ್ದಾಗಿರುತ್ತದೆ.

ಸ್ಥಿರವಾದ ಎದೆನೋವಿನ ವಿಷಯಕ್ಕೆ ಬಂದರೆ ಚಿತ್ರ ಬೇರೆಯದೇ. ನಡೆದಾಗ ಬಂದು ನಿಂತರೆ ಹೋಗುವ ನೋವು, ತಿಂಗಳುಗಳಿಂದ ಒಂದೇ ರೀತಿ ಇರುವಂಥದ್ದು. 2007ರಲ್ಲಿ ಪ್ರಕಟವಾದ ಕರೇಜ್ ಪ್ರಯೋಗ 2,287 ಜನರಲ್ಲಿ, 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಪ್ರಯೋಗ 5,179 ಜನರಲ್ಲಿ ಇದನ್ನು ಪರೀಕ್ಷಿಸಿದವು. ಎರಡನೆಯದರಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. ಒಳ್ಳೆಯ ಔಷಧ ಚಿಕಿತ್ಸೆಯ ಜೊತೆಗೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದ್ದರಿಂದ ಅಧ್ಯಯನದ ಅವಧಿಯಲ್ಲಿ ಒಟ್ಟು ಸಾವು ಕಡಿಮೆಯಾಗಲಿಲ್ಲ. ಎದೆನೋವು ಹೆಚ್ಚಿದ್ದವರಿಗೆ ನೋವು ಚೆನ್ನಾಗಿ ತಗ್ಗಿತು. ಎಡ ಮುಖ್ಯ ನಾಳದ ಬ್ಲಾಕ್ ಇದ್ದವರನ್ನು ಇಸ್ಕೀಮಿಯಾದಲ್ಲಿ ಸೇರಿಸಿರಲಿಲ್ಲ, ಅವರ ಲೆಕ್ಕ ಬೇರೆ.

ನೋವು ತಗ್ಗಿದ್ದಾದರೂ ನಿಜವೇ ಎಂದು ಕೇಳಿದವರು ಲಂಡನ್ನಿನ ಸಂಶೋಧಕರು. 2017ರ ಆರ್ಬಿಟಾ ಪ್ರಯೋಗದಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದ 200 ರೋಗಿಗಳನ್ನು ಕ್ಯಾತ್‌ಲ್ಯಾಬಿಗೆ ಒಯ್ದು, ಅರ್ಧದಷ್ಟು ಜನರಿಗೆ ಸ್ಟೆಂಟ್ ಹಾಕಿದರು, ಉಳಿದವರಿಗೆ ಹಾಕಿದಂತೆ ನಟಿಸಿದರು. ವ್ಯಾಯಾಮ ಮಾಡಬಲ್ಲ ಅವಧಿಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಕಾಬ್ 1959ರಲ್ಲಿ ಮಾಡಿದ್ದನ್ನು ಸ್ಟೆಂಟಿಗೆ ಮಾಡಲು ಇಷ್ಟು ವರ್ಷ ಬೇಕಾಯಿತು. 2023ರ ಆರ್ಬಿಟಾ-2 ಇನ್ನೂ ನ್ಯಾಯವಾಗಿತ್ತು: ನೋವಿನ ಔಷಧಗಳನ್ನು ನಿಲ್ಲಿಸಿದ 301 ಜನರಲ್ಲಿ ನಿಜವಾದ ಸ್ಟೆಂಟ್ ನಟನೆಗಿಂತ ಖಂಡಿತವಾಗಿ ಮೇಲೆನಿಸಿತು. ಆದರೂ ಸ್ಟೆಂಟ್ ಪಡೆದವರಲ್ಲಿ ನೋವು ಪೂರ್ತಿ ಹೋದದ್ದು ನೂರಕ್ಕೆ 40 ಜನರಿಗೆ. ನೋವಿನಿಂದ ದುಡಿಯಲಾಗದ ಆಟೊ ಚಾಲಕನಿಗೆ, ಮಾರುಕಟ್ಟೆಯಲ್ಲಿ ಮೂಟೆ ಹೊರುವವನಿಗೆ ಈ ಆರಾಮ ಸಣ್ಣದಲ್ಲ. ಅದಕ್ಕಾಗಿ ಸ್ಟೆಂಟ್ ಹಾಕಿಸಿಕೊಳ್ಳುವುದು ಸರಿಯಾದ ನಿರ್ಧಾರ. ಹಾಕಿಸದಿದ್ದರೆ ಇಂದೋ ನಾಳೆಯೋ ಸಾಯುತ್ತಾರೆಂದು ಮನೆಯವರನ್ನು ಹೆದರಿಸಿ ಸಹಿ ಹಾಕಿಸಿಕೊಳ್ಳುವುದು ತಪ್ಪು.

ಪಂಪಿಂಗ್, ಅಂದರೆ ಹೃದಯ ರಕ್ತವನ್ನು ಹೊರದೂಡುವ ಬಲ, ಕಡಿಮೆಯಾದವರ ವಿಷಯ ಇನ್ನೂ ಜಟಿಲ. ರಕ್ತ ಸಾಲದೆ ನಿದ್ದೆಹೋದಂತಿರುವ ಸ್ನಾಯು, ಹರಿವು ಮರಳಿದರೆ ಏಳುತ್ತದೆ ಎಂಬ ತರ್ಕ ತುಂಬ ಸಹಜವಾಗಿತ್ತು. 2022ರ ರಿವೈವ್ಡ್ ಪ್ರಯೋಗದಲ್ಲಿ ಇಂಥ 700 ಜನರನ್ನು ಎರಡು ಗುಂಪು ಮಾಡಿ ನೋಡಿದಾಗ ಸ್ಟೆಂಟ್‌ನಿಂದ ಸಾವೂ ಕಡಿಮೆಯಾಗಲಿಲ್ಲ, ಪಂಪಿಂಗೂ ಏರಲಿಲ್ಲ. ಬೈಪಾಸ್ ಮಾತ್ರ ಬೇರೆ ಫಲ ಕೊಟ್ಟಿದೆ: 1,212 ರೋಗಿಗಳ ಸ್ಟಿಚ್ ಪ್ರಯೋಗದಲ್ಲಿ ಹತ್ತು ವರ್ಷಗಳ ಬಳಿಕ ಶಸ್ತ್ರಚಿಕಿತ್ಸೆಯಾದವರಲ್ಲಿ ಬದುಕಿದ್ದವರು ಹೆಚ್ಚು. ಹಲವು ನಾಳಗಳಲ್ಲಿ ಬ್ಲಾಕ್ ಇರುವ ಮಧುಮೇಹಿಗಳಿಗೂ ಸ್ಟೆಂಟ್‌ಗಿಂತ ಬೈಪಾಸ್ ಮೇಲೆಂದು 2012ರ ಫ್ರೀಡಂ ಪ್ರಯೋಗ ತೋರಿಸಿದೆ. ಸ್ಟೆಂಟ್ ಒಂದು ಜಾಗವನ್ನು ತೆರೆಯುತ್ತದೆ, ಬೈಪಾಸ್ ಆ ನಾಳದ ಮುಂದೆ ಹುಟ್ಟಬಹುದಾದ ತೊಡಕುಗಳನ್ನೂ ದಾಟಿಸಿ ರಕ್ತ ಒಯ್ಯುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮ ಊರಿನಲ್ಲಿ, ಎದೆ ಕೊಯ್ಯಿಸುವ ಭಯಕ್ಕೆ ಮೂರು ನಾಲ್ಕು ಸ್ಟೆಂಟ್ ಕೇಳಿ ಪಡೆಯುವವರು ಇದನ್ನು ತಮ್ಮ ವೈದ್ಯರೊಡನೆ ಒಮ್ಮೆ ಚರ್ಚಿಸಬೇಕು.

ಸ್ಟೆಂಟೂ ಬೈಪಾಸೂ ಸಾಧ್ಯವಾಗದವರಿಗಾಗಿ ಹುಡುಕಿದ ದಾರಿಗಳು ಬಹಳ. ಎಡ ಹೃತ್ಕುಕ್ಷಿಯಿಂದ ನೇರವಾಗಿ ಕೊರೊನರಿ ನಾಳಕ್ಕೆ ಕೊಳವೆ ಇಡುವ ಯತ್ನ ನಡೆಯಿತು, ಬಳಕೆಗೆ ಬರಲಿಲ್ಲ. ಲೇಸರ್‌ನಿಂದ ಸ್ನಾಯುವಿನಲ್ಲಿ ರಂಧ್ರ ಕೊರೆಯುವುದೂ, ಕ್ಯಾಥೆಟರ್ ಮೂಲಕ ಮಾಡಿದಾಗ, ನಟನೆಯ ಪರೀಕ್ಷೆಯಲ್ಲಿ ಸೋತಿತು. ಇವುಗಳಲ್ಲಿ ಇನ್ನೂ ಉಳಿದಿರುವುದು ಕೊರೊನರಿ ಸೈನಸ್ಸನ್ನು ಕಿರಿದಾಗಿಸುವ ಬೆಕ್ ಅವರ ಹಳೆಯ ಯೋಚನೆ. ಇಸ್ರೇಲಿನ ಶ್ಮುಯೆಲ್ ಬನಾಯ್ ರೂಪಿಸಿದ, ಡಮರುವಿನ ಆಕಾರದ ಜಾಲರಿಯನ್ನು ಕುತ್ತಿಗೆಯ ರಕ್ತನಾಳದ ಮೂಲಕ ಕೊರೊನರಿ ಸೈನಸ್‌ಗೆ ಇಡುತ್ತಾರೆ. ಹೊರಹೋಗುವ ರಕ್ತಕ್ಕೆ ತಡೆಯೊಡ್ಡಿ ಹಿಂದಿನ ಒತ್ತಡ ಏರಿಸಿದರೆ, ಬರಿದಾದ ಒಳಪದರಕ್ಕೆ ರಕ್ತ ಹಂಚಿಕೆಯಾಗುತ್ತದೆ ಎಂಬುದು ಲೆಕ್ಕ. 2015ರಲ್ಲಿ 104 ರೋಗಿಗಳ ಪ್ರಯೋಗ ನೋವು ತಗ್ಗಿದ್ದನ್ನು ತೋರಿಸಿತು. 2024ರಲ್ಲಿ ಆರ್ಬಿಟಾ ತಂಡವೇ 51 ಜನರಲ್ಲಿ ಎಂಆರ್‌ಐ ಮಾಡಿ ನೋಡಿದಾಗ ಸ್ನಾಯುವಿನ ರಕ್ತದ ಹರಿವು ಒಟ್ಟಾರೆ ಹೆಚ್ಚಿರಲಿಲ್ಲ, ಎದೆನೋವು ಬರುವ ಸಲಗಳು ಮಾತ್ರ ಕಡಿಮೆಯಾಗಿದ್ದವು. ಅಮೆರಿಕದ ಸಲಹಾ ಸಮಿತಿ 2020ರಲ್ಲಿ ಒಪ್ಪಲಿಲ್ಲ, ಯೂರೋಪಿನಲ್ಲಿ ಬಳಕೆಯಿದೆ. ಬೇರೆ ದಾರಿಯಿಲ್ಲದೆ ನರಳುವವರಿಗೆ ಇದೊಂದು ಆಸರೆಯಾಗಬಹುದು, ದೊಡ್ಡ ಪ್ರಯೋಗ ಆಗಬೇಕು.

ಹೃದಯಾಘಾತದಿಂದ ರಕ್ತದೊತ್ತಡವೇ ಕುಸಿದವರಿಗೆ ತಾತ್ಕಾಲಿಕವಾಗಿ ಒಳಗಿಡುವ ಸಾಧನಗಳಿವೆ. ದಶಕಗಳಿಂದ ನಂಬಿದ್ದ ಮಹಾಪಧಮನಿಯ ಬಲೂನ್ ಪಂಪ್, 2012ರ 600 ರೋಗಿಗಳ ಪ್ರಯೋಗದಲ್ಲಿ ಸಾವು ತಡೆಯಲಿಲ್ಲ. ಇಂಪೆಲ್ಲಾ ಎಂಬ ಪುಟ್ಟ ಪಂಪ್ 2024ರ ಡೇನ್‌ಜರ್ ಪ್ರಯೋಗದಲ್ಲಿ ಆರು ತಿಂಗಳ ಸಾವನ್ನು ಶೇ 58.5ರಿಂದ 45.8ಕ್ಕೆ ಇಳಿಸಿತು, ಆದರೆ ರಕ್ತಸ್ರಾವ ಮತ್ತು ಮೂತ್ರಪಿಂಡದ ತೊಂದರೆ ಹೆಚ್ಚಿದವು. ಅದರ ಬೆಲೆ ನಮ್ಮಲ್ಲಿ ಬಹುಪಾಲು ಕುಟುಂಬಗಳ ಕೈಗೆ ಎಟುಕುವಂಥದ್ದಲ್ಲ.

ಇನ್ನು ಸ್ಟೆಂಟ್ ಒಳಗಿಟ್ಟುಕೊಂಡು ಮನೆಗೆ ಬಂದವರ ಮಾತು. ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಎಂಬ ಎರಡನೆಯ ಮಾತ್ರೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು. ಹಲ್ಲು ಕೀಳಿಸಲೆಂದೋ ಊರ ಜಾತ್ರೆಗೆ ಹೋದಾಗ ಮರೆತೋ ಆರಾಮಾಗಿದ್ದೇನಲ್ಲ ಎಂದೋ ಇದನ್ನು ಮೊದಲ ತಿಂಗಳುಗಳಲ್ಲೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು, ಅದು ಹೆಚ್ಚಾಗಿ ಮೊದಲಿನದಕ್ಕಿಂತ ಭೀಕರ. ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಜೀವನಪೂರ್ತಿ ಬೇಕು. ಕಂಡ ಬ್ಲಾಕಿಗಲ್ಲದೆ ಕಾಣದ ಪದರಗಳಿಗೂ ಮದ್ದು ಅದೇ. ಬೀಡಿ ಸಿಗರೇಟು ಬಿಡದವರಿಗೆ ಈ ಮಾತ್ರೆಗಳ ಫಲ ಪೂರ್ತಿ ಸಿಗದು.

ಸರ್ಕಾರಿ ವಿಮೆಯ ಪ್ಯಾಕೇಜಿನಲ್ಲಿ ಸ್ಟೆಂಟ್ ಇದೆ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಔಷಧವಿದೆ. ಹದಿನಾರನೆಯ ದಿನದಿಂದ ಆ ಮಾತ್ರೆಗಳ ಹೊಣೆ ಕುಟುಂಬದ್ದು. ದಿನಗೂಲಿಯವರ ಮನೆಯಲ್ಲಿ ತಿಂಗಳ ಕೊನೆಗೆ ಮೊದಲು ನಿಲ್ಲುವುದು ನೋವಿಲ್ಲದ ಮನುಷ್ಯನ ಮಾತ್ರೆಯೇ. ಸ್ಟೆಂಟಿನ ಬೆಲೆಗೆ ಮಿತಿ ಹಾಕಿದಷ್ಟೇ ಗಟ್ಟಿಯಾಗಿ, ಸ್ಟೆಂಟ್ ಹಾಕಿಸಿಕೊಂಡ ಪ್ರತಿ ಬಡ ರೋಗಿಗೂ ಹನ್ನೆರಡು ತಿಂಗಳ ಎರಡು ಮಾತ್ರೆ ಮತ್ತು ಸ್ಟಾಟಿನ್ನನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜಯನಗರದವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ, ತಪ್ಪದೆ ಸಿಗುವಂತೆ ಮಾಡುವುದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಮುಂದಿನ ಹೆಜ್ಜೆಯಾಗಬೇಕು. ಒಂದು ಸ್ಟೆಂಟಿಗೆ ಕೊಡುವ ಹಣದ ಮುಂದೆ ಅದರ ಖರ್ಚು ದೊಡ್ಡದಲ್ಲ.